ಎಬಿಎಸ್ ಕರಗಿಸಿ ಸಿಲಿಕೋನ್ ಒಳಗೆ ಸೂಕ್ಷ್ಮ ನಾಳ ಮಾಡುವುದು

ಅರ್ಧ ಮಿಲಿಮೀಟರ್ ಅಗಲದ, ಸುತ್ತಿ ಬಳಸಿ ಸಾಗುವ ನಾಳವನ್ನು ಡ್ರಿಲ್‌ನಿಂದ ಕೊರೆಯಲಾಗದು. ನಾಳದ ಆಕಾರವನ್ನೇ ಒಂದು ಪ್ಲಾಸ್ಟಿಕ್‌ನಲ್ಲಿ ಮಾಡಿಟ್ಟು, ಸುತ್ತಲೂ ಇನ್ನೊಂದು ವಸ್ತು ಎರೆದು, ಅದು ಗಟ್ಟಿಯಾದ ಮೇಲೆ ಒಳಗಿನದನ್ನು ಕರಗಿಸಿ ತೆಗೆಯಬೇಕು. ಹೀಗೆ ಕರಗಿಹೋಗುವುದೇ ಸ್ಯಾಕ್ರಿಫಿಶಿಯಲ್ ಪಾಲಿಮರ್.

ಜೋಡಿ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಎಬಿಎಸ್ ಎಂಬ 3ಡಿ ಪ್ರಿಂಟಿಂಗ್ ಪ್ಲಾಸ್ಟಿಕ್ ಅಸಿಟೋನ್ ಎಂಬ ದ್ರಾವಕದಲ್ಲಿ ಕರಗುತ್ತದೆ. ಸುತ್ತಲೂ ಎರೆಯುವ ಪಿಡಿಎಂಎಸ್ ಎಂಬ ಸಿಲಿಕೋನ್ ಅದರಲ್ಲಿ ಉದ್ದಳತೆಯಲ್ಲಿ ಸುಮಾರು 6% ಮಾತ್ರ ಉಬ್ಬಿ, ಒಣಗಿದಾಗ ಮೊದಲಿನ ಅಳತೆಗೆ ಮರಳುತ್ತದೆ. ಕ್ಲೋರೋಫಾರ್ಮ್ ಕೂಡ ಎಬಿಎಸ್ ಕರಗಿಸುತ್ತದೆ, ಆದರೆ ಸಿಲಿಕೋನನ್ನು ವಿಪರೀತ ಉಬ್ಬಿಸುತ್ತದೆ. ಅದು ಬೇಡ.

3ಡಿ ಪ್ರಿಂಟರ್‌ನ 0.4 ಮಿ.ಮೀ. ನಾಝಲ್‌ನಲ್ಲಿ, ಬಣ್ಣ ಸೇರಿಸದ ಎಬಿಎಸ್‌ನಿಂದ ಆಕಾರವನ್ನು ಪ್ರಿಂಟ್ ಮಾಡಿ. ಬಣ್ಣದ ಪುಡಿ ಕರಗದೆ ನಾಳದಲ್ಲೇ ಉಳಿಯುತ್ತದೆ. ಎರಡೂ ತುದಿಗಳು ಅಚ್ಚಿನ ಗೋಡೆಯಿಂದ 5 ಮಿ.ಮೀ. ಹೊರಗೆ ಚಾಚಿರಲಿ. ಒಂದೇ ಬಾಯಿದ್ದರೆ ದ್ರಾವಣ ಹೊರಬರಲು ದಾರಿಯಿಲ್ಲ. ಅಚ್ಚು ಪಿಎಲ್‌ಎ ಎಂಬ ಪ್ರಿಂಟಿಂಗ್ ಪ್ಲಾಸ್ಟಿಕ್‌ನದಾಗಿರಬಾರದು, ಮುಂದೆ 65 ಡಿಗ್ರಿಯಲ್ಲಿ ಇಡಬೇಕು, ಸುಮಾರು 60 ಡಿಗ್ರಿಗೇ ಅದು ಮೆತ್ತಗಾಗುತ್ತದೆ.

20 ಗ್ರಾಂ ಪಿಡಿಎಂಎಸ್ ಬೇಸ್‌ಗೆ 2 ಗ್ರಾಂ ಹಾರ್ಡನರ್ ಹಾಕಿ ಚೆನ್ನಾಗಿ ಕಲಸಿ. ಗುಳ್ಳೆಗಳು ನಿಲ್ಲುವವರೆಗೆ, ಸಾಮಾನ್ಯವಾಗಿ ಅರ್ಧ ಗಂಟೆ, ವ್ಯಾಕ್ಯೂಮ್‌ನಲ್ಲಿಡಿ. ಅಚ್ಚಿನ ಒಂದು ಮೂಲೆಯಿಂದ ನಿಧಾನವಾಗಿ ಎರೆಯಿರಿ. ಎಬಿಎಸ್ ಎಳೆಗೆ ಅಂಟಿದ ಒಂದು ಗುಳ್ಳೆಯೂ ನಾಳದ ಗೋಡೆಯಲ್ಲಿ ಗುಳಿಯಾಗಿ ಉಳಿಯುತ್ತದೆ; ಎರೆದ ಮೇಲೆ ಮತ್ತೊಮ್ಮೆ ವ್ಯಾಕ್ಯೂಮ್ ಕೊಡಿ. 65 ಡಿಗ್ರಿಯಲ್ಲಿ 4 ಗಂಟೆ ಬಿಟ್ಟರೆ ಗಟ್ಟಿಯಾಗುತ್ತದೆ. ಅಲ್ಲಲ್ಲಿ ಅಂಟಂಟಾಗಿಯೇ ಉಳಿದರೆ ಲ್ಯಾಟೆಕ್ಸ್ ಗ್ಲೌಸ್‌ನ ಗಂಧಕವನ್ನು ಅನುಮಾನಿಸಿ, ಅದು ಸಿಲಿಕೋನನ್ನು ಗಟ್ಟಿಗೊಳಿಸುವ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ.

ಈಗ ತುದಿಗಳನ್ನು ಬ್ಲೇಡ್‌ನಿಂದ ಕತ್ತರಿಸಿ ಬಾಯಿ ತೆರೆದು, ತುಂಡನ್ನು ಗಾಜಿನ ಪಾತ್ರೆಯಲ್ಲಿ ಅಸಿಟೋನ್‌ನಲ್ಲಿ ಮುಳುಗಿಸಿ ಮುಚ್ಚಿಡಿ. ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನ ಪಾತ್ರೆ ಬೇಡ, ಅದೂ ಅಸಿಟೋನ್‌ನಲ್ಲಿ ಕರಗುತ್ತದೆ. ರಾತ್ರಿಯಿಡೀ ಬಿಡಿ, ಉದ್ದ ನಾಳಕ್ಕೆ ಇನ್ನೂ ಹೆಚ್ಚು ಕಾಲ ಬೇಕು.

ಹೆಚ್ಚಿನವರು ಎಡವುವುದು ಇದರ ನಂತರ. ಎಬಿಎಸ್‌ನಲ್ಲಿರುವ ರಬ್ಬರ್ ಕಣಗಳು ಕರಗುವುದಿಲ್ಲ, ಹಾಲಿನಂತೆ ತೇಲುತ್ತವೆ ಅಷ್ಟೇ. ಹೊರತೆಗೆದು ಹಾಗೇ ಒಣಗಲು ಬಿಟ್ಟರೆ ಗೋಡೆಗೆ ಪೊರೆಯಾಗಿ ಅಂಟಿ ನಾಳ ಕಟ್ಟುತ್ತದೆ. ಒದ್ದೆಯಿರುವಾಗಲೇ ಗಾಜಿನ ಸಿರಿಂಜ್‌ನಿಂದ ಹೊಸ ಅಸಿಟೋನ್ ತಳ್ಳಿ, ಹೊರಬರುವುದು ನೀರಿನಷ್ಟು ತಿಳಿಯಾಗುವವರೆಗೆ ಮುಂದುವರಿಸಿ. ಎಲ್ಲಿಯಾದರೂ ತಡೆದರೆ ಒತ್ತಡ ಹೆಚ್ಚಿಸಬೇಡಿ, ಸಿಲಿಕೋನ್ ಸೀಳುತ್ತದೆ. ಇನ್ನೊಂದು ರಾತ್ರಿ ನೆನೆಸಿ.

ಕೋಣೆಯ ಶಾಖದಲ್ಲಿ ಅಸಿಟೋನ್ ಪೂರ್ತಿ ಆರಿದ ಮೇಲಷ್ಟೇ ಓವನ್‌ಗೆ ಇಡಿ. ಇದರ ಆವಿ −20 ಡಿಗ್ರಿಯಲ್ಲೂ ಹೊತ್ತಿಕೊಳ್ಳಬಲ್ಲದು, ಹಾಗಾಗಿ ಗಾಳಿಯಾಡುವ ಜಾಗದಲ್ಲಿ, ಬೆಂಕಿ ಕಿಡಿಗಳಿಂದ ದೂರ ಕೆಲಸ ಮಾಡಿ. ನೈಟ್ರೈಲ್ ಗ್ಲೌಸ್ ಅಸಿಟೋನ್‌ಗೆ ಬೇಗ ಸೋಲುತ್ತದೆ, ಬ್ಯೂಟೈಲ್ ಗ್ಲೌಸ್ ಒಳ್ಳೆಯದು.

ಸಿಲಿಕೋನ್ ಬದಲು ಗಟ್ಟಿ ಎಪಾಕ್ಸಿ ರಾಳದಲ್ಲಿ ಉದ್ದ ನಾಳ ಬೇಕಿದ್ದರೆ ದಾರಿ ಬೇರೆ. ವೇಗವರ್ಧಕವಾಗಿ ತವರದ ಆಕ್ಸಲೇಟ್ ಸೇರಿಸಿದ ಪಿಎಲ್‌ಎ ಎಳೆಯನ್ನು ಹುದುಗಿಸಿ, ವ್ಯಾಕ್ಯೂಮ್‌ನಲ್ಲಿ ಸುಮಾರು 200 ಡಿಗ್ರಿಗೆ ಕಾಯಿಸಿದರೆ ಅದು ಅನಿಲವಾಗಿ ಹೊರಹೋಗುತ್ತದೆ. ವೇಗವರ್ಧಕವಿಲ್ಲದ ಪಿಎಲ್‌ಎಗೆ ಇದಕ್ಕಿಂತ ಬಹಳ ಹೆಚ್ಚು ಶಾಖ ಬೇಕು, ಅಷ್ಟರಲ್ಲಿ ಎಪಾಕ್ಸಿಯೇ ಕೆಡುತ್ತದೆ. 200 ಡಿಗ್ರಿ ತಾಳುವ ಎಪಾಕ್ಸಿಯನ್ನೇ ಆರಿಸಿ.