ಕಾರವಾರದ ಹಸಿ ಗಾಳಿಯಲ್ಲಿ ಕಾಗದದ ಕೆಲಸ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಮನೆಯಲ್ಲಿ ಹಪ್ಪಳಕ್ಕೂ ಕಾಗದಕ್ಕೂ ಒಂದೇ ಗತಿ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಣೇಶ ಚೌತಿ ಬರುವುದೂ ಆ ಅವಧಿಯಲ್ಲೇ. ಅಂದರೆ ಕಾಗದದಿಂದ ಅತಿ ಹೆಚ್ಚು ಕೆಲಸ ಆಗಬೇಕಾದ ಹೊತ್ತಿನಲ್ಲೇ ಅದು ಬೆನ್ನು ಬಾಗಿಸಿ ಕೂತಿರುತ್ತದೆ. ಮೊಬೈಲ್‌ನಲ್ಲಿ ನೋಡಿ ಕಲಿಯುವ ಕಾಗದದ ಹೂವು, ತೋರಣ, ಪೆಟ್ಟಿಗೆಗಳು ಒಣ ಹವೆಯ ಊರಿನವರು ಮಾಡಿದವು. ಅಲ್ಲಿ ಅಂಟಿಸಿದ್ದು ಹತ್ತು ನಿಮಿಷದಲ್ಲಿ ಒಣಗುತ್ತದೆ. ಇಲ್ಲಿ ರಾತ್ರಿ ಕಳೆದು ಬೆಳಗಾದರೂ ಬೆರಳಿಗೆ ಅಂಟುತ್ತದೆ. ಹಾಗಾಗಿ ನಾನು ಅಂದದ ಬಗ್ಗೆ ಯೋಚಿಸುವ ಮೊದಲು ತೇವದ ಬಗ್ಗೆ ಯೋಚಿಸುತ್ತೇನೆ.

ಕಾಗದಕ್ಕೆ ಎಳೆ ಇದೆ ಎಂದು ನನಗೆ ಹೇಳಿಕೊಟ್ಟವರು ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಭಾವ. 1955ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ಇರುವುದು ಕಾಳಿ ನದಿಯ ದಂಡೆಯಲ್ಲಿ. ಅದೇ ನದಿ ನಮ್ಮೂರಿನ ಪಕ್ಕ, ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದೆ. ಯಂತ್ರದ ಮೇಲೆ ಕಾಗದ ಹರಿದು ಬರುವಾಗ ನಾರುಗಳು ಹೆಚ್ಚಾಗಿ ಹರಿವಿನ ದಿಕ್ಕಿಗೇ ಮಲಗುತ್ತವೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಗೆ ಓಡುತ್ತದೆ. ಕಾರಣ ಇದೇ. ನೀರು ಕುಡಿದ ನಾರು ಉದ್ದಕ್ಕೆ ಬೆಳೆಯುವುದಕ್ಕಿಂತ ದಪ್ಪಕ್ಕೆ ಊದುವುದು ಹೆಚ್ಚು. ಆದ್ದರಿಂದ ಹಸಿ ಗಾಳಿಯಲ್ಲಿ ಕಾಗದ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಎರಡು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸುವಾಗ ಒಂದರ ಎಳೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇದ್ದರೆ ಎರಡೂ ಬೇರೆ ಬೇರೆ ಕಡೆಗೆ ಎಳೆದಾಡಿ ಸೊಟ್ಟಗಾಗುತ್ತವೆ. ಎರಡೂ ಒಂದೇ ದಿಕ್ಕಿಗಿದ್ದರೆ ಕೂಡಿ ಹಿಗ್ಗಿ ಕೂಡಿ ಕುಗ್ಗುತ್ತವೆ.

ದಪ್ಪ ಕಾಗದದ ಎಳೆ ಗೊತ್ತಾಗಬೇಕಾದರೆ ಹರಿಯಬೇಕಿಲ್ಲ. ಎರಡು ಕಡೆಯಿಂದಲೂ ಮೆಲ್ಲಗೆ ಬಾಗಿಸಿ ನೋಡಬೇಕು. ಯಾವ ಕಡೆ ತಕರಾರಿಲ್ಲದೆ ಬಾಗುತ್ತದೆಯೋ ಆ ಮಡಿಕೆಯ ಗೆರೆಯ ಉದ್ದಕ್ಕೆ ಎಳೆ ಇದೆ. ಮದುವೆ ಕರೆಯೋಲೆಗಳನ್ನು ನಾನು ಮೊದಲು ವಿಂಗಡಿಸುವುದು ಬಣ್ಣದಿಂದಲ್ಲ, ಈ ಬಾಗುವಿಕೆಯಿಂದ. ಏಪ್ರಿಲ್, ಮೇ ಕಳೆಯುವ ಹೊತ್ತಿಗೆ ಪ್ರತಿ ಮನೆಯಲ್ಲೂ ಕರೆಯೋಲೆಗಳ ಒಂದು ಕಟ್ಟು ಬಿದ್ದಿರುತ್ತದೆ. ಮುಖಪುಟದಲ್ಲಿ ಗಣಪತಿ ಇರುವುದರಿಂದ ಯಾರಿಗೂ ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವೂ ಇಲ್ಲ. ನಾನು ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಆ ಗಣಪತಿಗಳನ್ನು ಕತ್ತರಿಸಿ ಬೇರೆ ಇಟ್ಟು, ಉಳಿದದ್ದರಲ್ಲಿ ಮಾವಿನೆಲೆಯ ಆಕಾರದ ತೋರಣ ಮಾಡುತ್ತೇನೆ. ಎಲೆಯ ನಡುನರ ಎಳೆಯ ದಿಕ್ಕಿಗೇ ಬರುವಂತೆ ಕತ್ತರಿಸಿದರೆ ನರದ ಮಡಿಕೆ ಚೂಪಾಗಿ ನಿಲ್ಲುತ್ತದೆ. ಅಡ್ಡ ಕತ್ತರಿಸಿದ ಎಲೆಯ ಮಡಿಕೆಯಲ್ಲಿ ಬಣ್ಣ ಬಿರಿದು ಬಿಳಿ ಕಾಣುತ್ತದೆ. ಎಲೆಗಳನ್ನು ದಾರಕ್ಕೆ ಅಂಟಿಸುವುದಿಲ್ಲ. ತೊಟ್ಟನ್ನು ದಾರದ ಮೇಲೆ ಮಡಿಚಿ ಎರಡು ಹೊಲಿಗೆ ಹಾಕುತ್ತೇನೆ. ಸೂಜಿ ದಾರಕ್ಕೆ ಮಳೆಗಾಲದ ಭಯವಿಲ್ಲ.

ಅಂಟಿಸಲೇಬೇಕಾದ ಕಡೆಗೆ ಹಿಟ್ಟಿನ ಅಂಟನ್ನು, ಅಂದರೆ ‘ಸರಿ’ಯನ್ನು, ನಾನೇ ಕಾಯಿಸುತ್ತೇನೆ. ಒಂದು ಪಾಲು ಮೈದಾಕ್ಕೆ ಐದು ಪಾಲು ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಸಣ್ಣ ಉರಿಯಲ್ಲಿ ತಿರುವುತ್ತಾ ಬಿಳುಪು ಹೋಗಿ ಅರೆಪಾರದರ್ಶಕವಾಗುವವರೆಗೆ ಬೇಯಿಸಬೇಕು. ಬೇಯದ ಸರಿ ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಅನ್ನದಿಂದಲೂ ಆಗುತ್ತದೆ, ಆದರೆ ಬೆಳ್ತಿಗೆ ಅಕ್ಕಿಯದೇ ಆಗಬೇಕು, ಕುಚ್ಚಲಕ್ಕಿಯ ಅನ್ನಕ್ಕೆ ಆ ಜಿಗುಟು ಇಲ್ಲ. ಇಂಥ ಸರಿ ಹುಳಗಳಿಗೆ ಪ್ರಿಯ, ಬೂಷ್ಟಿಗೆ ಇನ್ನೂ ಪ್ರಿಯ. ಹಿಂದಿನ ಪುಸ್ತಕ ಕಟ್ಟುವವರು ಇದಕ್ಕೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುತ್ತಿದ್ದರು. ನನ್ನ ತವರು ಸಿದ್ದಾಪುರದ ಕಡೆ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮೈಲುತುತ್ತದಿಂದ ಮಾಡುವ ಬೋರ್ಡೋ ದ್ರಾವಣ ಸಿಂಪಡಿಸುವ ತೋಟದ ಮನೆಗಳಲ್ಲಿ ಮೈಲುತುತ್ತಕ್ಕೆ ಬರವಿಲ್ಲ. ಅಲ್ಲಿಂದ ಒಂದು ಪೊಟ್ಟಣ ತಂದಿಟ್ಟುಕೊಂಡಿದ್ದೇನೆ. ಅದು ವಿಷ. ಮಂಟಪ, ಆಕಾಶಬುಟ್ಟಿಯಂಥ ಮೇಲೆ ತೂಗುವ ವಸ್ತುಗಳಿಗೆ ಮಾತ್ರ ಆ ಸರಿ. ಮಕ್ಕಳು ಆಡುವುದಕ್ಕೆ, ತಿನಿಸು ಇಡುವುದಕ್ಕೆ ಎಂದಿಗೂ ಇಲ್ಲ. ಕಬ್ಬಿಣ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅದನ್ನು ಕದಡಬಾರದು, ಪಾತ್ರೆಯನ್ನೇ ತಿನ್ನುತ್ತದೆ. ಹಳೆಯ ಪ್ಲಾಸ್ಟಿಕ್ ಡಬ್ಬವೊಂದನ್ನು ಇದಕ್ಕೆಂದೇ ಇಟ್ಟು, ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ.

ಬಿಸಿ ಗೋಂದಿನ ಗನ್ ಬಗ್ಗೆ ಕೇಳುತ್ತಾರೆ. ಮಳೆಗಾಲಕ್ಕೆ ಅದು ಒಳ್ಳೆಯದೇ, ತೇವದ ಹಂಗಿಲ್ಲದೆ ಕ್ಷಣದಲ್ಲಿ ಹಿಡಿಯುತ್ತದೆ. ಆದರೆ ಅದು ಕರಗಿಸಿದ ಪ್ಲಾಸ್ಟಿಕ್. ಕಾಗದಕ್ಕೆ ಅದನ್ನು ಮೆತ್ತಿದ ಮೇಲೆ ಮತ್ತೆ ಅರೆಯಲು ಬರುವುದಿಲ್ಲ. ಅಲ್ಲದೆ ಗಾಳಿಮಳೆಯ ದಿನ ಕರೆಂಟು ಇರಬೇಕಲ್ಲ.

ಚೌತಿಯ ಮಂಟಪಕ್ಕೆ ಈಗ ಎಲ್ಲರೂ ಕಾಗದದ ಕಡೆ ತಿರುಗಿದ್ದಾರೆ. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಇದೆ. ನನಗೆ ಇದರಿಂದ ದುಃಖವಾಗಲಿಲ್ಲ. ಥರ್ಮಾಕೋಲ್ ಬರುವ ಮೊದಲು ಆ ಬಿಳುಪು, ಆ ಹಗುರತನ ಗಿಡದ ತಿರುಳಾದ ಬೆಂಡಿನದಾಗಿತ್ತು. ಕೆತ್ತನೆಯ ಕಸುಬಿನ ಗುಡಿಗಾರರು ಬೆಂಡಿನಲ್ಲಿ ಕೊರೆದ ಬಾಸಿಂಗ ನೋಡಿದವರಿಗೆ ಥರ್ಮಾಕೋಲ್ ಗೋಪುರ ಸಪ್ಪೆ ಎನಿಸುತ್ತದೆ. ಬೆಂಡಿನ ವಿದ್ಯೆ ನನಗಿಲ್ಲ. ಅದನ್ನು ದುಡ್ಡು ಕೊಟ್ಟು ಶಿರಸಿಯಿಂದ ತರುತ್ತೇನೆ. ಉಳಿದದ್ದು ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆಯದು.

ರಟ್ಟನ್ನು ಸೀಳಿ ನೋಡಿದರೆ ಎರಡು ಹಾಳೆಗಳ ನಡುವೆ ಅಲೆಅಲೆಯಾದ ಇನ್ನೊಂದು ಹಾಳೆ ಇರುತ್ತದೆ. ಕಂಬ ಮಾಡುವಾಗ ಆ ಅಲೆಗಳ ಕೊಳವೆಗಳು ನೆಟ್ಟಗೆ ನಿಲ್ಲಬೇಕು, ಆಗ ಭಾರ ಹೊರುತ್ತವೆ. ಕಮಾನು ಮಾಡುವಾಗ ಕೊಳವೆಗಳು ಬಾಗುವ ದಿಕ್ಕಿಗೆ ಅಡ್ಡವಾಗಿರಬೇಕು. ಒಂದು ಮೈಯ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಸುಲಿದರೆ ರಟ್ಟು ತಾನಾಗಿಯೇ ಸುಂದರವಾಗಿ ಬಾಗುತ್ತದೆ, ಅಲೆಗಳೇ ಕೆತ್ತನೆಯಂತೆ ಕಾಣುತ್ತವೆ. ಅದರ ಮೇಲೆ ಯಕ್ಷಗಾನದ ವೇಷಭೂಷಣಕ್ಕೆ ಬಳಸುವಂಥ ಬೇಗಡೆಯ ಸಣ್ಣ ಚೂರು ಅಲ್ಲಲ್ಲಿ ಇಟ್ಟರೆ ಸಾಕು, ದೀಪದ ಬೆಳಕಿಗೆ ಮಿನುಗುತ್ತದೆ. ಇಡೀ ಮಂಟಪಕ್ಕೆ ಬೇಗಡೆ ಹೊದಿಸುವವರ ರುಚಿ ನನಗೆ ಹಿಡಿಸದು.

ಎರಡು ಎಚ್ಚರಿಕೆ. ಆಗಸ್ಟ್‌ನಲ್ಲಿ ನೆಲವೇ ಬೆವರುತ್ತದೆ, ಕಂಬಗಳನ್ನು ನೇರವಾಗಿ ನೆಲಕ್ಕೆ ಊರಿದರೆ ಬುಡ ಮೆತ್ತಗಾಗಿ ಮಂಟಪ ಮಂಡಿಯೂರುತ್ತದೆ. ಮರದ ಹಲಗೆಯ ಮೇಲೆ ನಿಲ್ಲಿಸಿ, ಬುಡಕ್ಕೆ ಮೇಣದಬತ್ತಿ ಉಜ್ಜಿ, ಪತ್ರಿಕೆಯ ಹಾಳೆ ಇಟ್ಟು ಮೇಲಿನಿಂದ ಇಸ್ತ್ರಿ ಎಳೆದರೆ ಮೇಣ ಕರಗಿ ರಟ್ಟಿನೊಳಗೆ ಇಳಿಯುತ್ತದೆ. ಇನ್ನೊಂದು, ಫಲಾವಳಿಯ ಭಾರ. ಗಣಪತಿಯ ಮೇಲೆ ತೆಂಗಿನಕಾಯಿ, ಸೌತೆ, ಮೊಗೆಕಾಯಿ, ಅಡಿಕೆ ಗೊನೆ ಎಲ್ಲ ತೂಗುತ್ತವೆ. ಅದು ಮಾಡಿನ ತೊಲೆಗೆ ಬಿಗಿದ ಮರದ ಚೌಕಟ್ಟಿಗೇ ಸೇರಬೇಕು. ಕಾಗದದ ಮಂಟಪ ಅದರ ಕೆಳಗೆ ತನ್ನ ಪಾಡಿಗೆ ತಾನು ನಿಂತಿರಲಿ.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟದ ಕೆಲಸ ಕಾಗದದ ಬುಟ್ಟಿ. ಇದು ಬೇಸಿಗೆಯದು, ಆಯಿಯಿಂದ ಬಂದದ್ದು. ಹಳೆಯ ಪತ್ರಿಕೆ, ಮಕ್ಕಳ ಬರೆದು ಮುಗಿದ ನೋಟ್‌ಬುಕ್ ಎಲ್ಲವನ್ನೂ ಚೂರು ಮಾಡಿ ಎರಡು ಮೂರು ದಿನ ನೀರಲ್ಲಿ ನೆನೆಸುವುದು, ದಿನವೂ ನೀರು ಬದಲಿಸುವುದು. ಮಿರುಗುವ ವಾರಪತ್ರಿಕೆಯ ಹಾಳೆ ಬೇಡ. ಅದರಲ್ಲಿ ಮಣ್ಣಿನ ಲೇಪ ಬಹಳ, ಮುದ್ದೆಗೆ ಹಿಡಿತ ಬರುವುದಿಲ್ಲ. ಒಂದು ಕಿಲೋ ಒಣ ಕಾಗದಕ್ಕೆ ನಾನು 150 ಗ್ರಾಂ ಮೆಂತ್ಯ ಹಾಕುತ್ತೇನೆ. ಮೆಂತ್ಯವನ್ನು ರಾತ್ರಿ ನೆನೆಸಿ ಬೇರೆಯಾಗಿ ನುಣ್ಣಗೆ ಅರೆಯಬೇಕು. ಅದರ ಲೋಳೆ ನಾರುಗಳನ್ನು ಕಟ್ಟುತ್ತದೆ, ಅದರ ಕಹಿಯು ಹುಳವನ್ನು ದೂರವಿಡುತ್ತದೆ. “ಮೆಂತ್ಯ ಕಡಿಮೆಯಾದರೆ ಬುಟ್ಟಿ ಉದುರುತ್ತದೆ, ಹೆಚ್ಚಾದರೆ ಮುದ್ದೆ ಜಾರುತ್ತದೆ, ಕೈಗೆ ಗೊತ್ತಾಗುತ್ತದೆ ಮಗಾ” ಎನ್ನುತ್ತಿದ್ದರು ಆಯಿ. ಅವರು ಒರಳಲ್ಲಿ ರುಬ್ಬುತ್ತಿದ್ದರು. ನಾನು ಮಿಕ್ಸಿಯಲ್ಲಿ, ಸ್ವಲ್ಪ ಸ್ವಲ್ಪವೇ ಹಾಕಿ, ಧಾರಾಳ ನೀರಿನೊಂದಿಗೆ ತಿರುಗಿಸುತ್ತೇನೆ. ನೀರು ಕಡಿಮೆಯಾದರೆ ಮೋಟರು ಬಿಸಿಯಾಗುತ್ತದೆ. ಅಡುಗೆಯ ಜಾರು ಇದಕ್ಕೆ ಬೇಡ, ಶಾಯಿಯ ವಾಸನೆ ಹೋಗುವುದಿಲ್ಲ.

ಬಟ್ಟೆಯಲ್ಲಿ ಹಿಂಡಿ, ಮೆಂತ್ಯ ಕಲಸಿ, ಚಪಾತಿ ಹಿಟ್ಟಿನ ಹದಕ್ಕೆ ತಂದ ಮುದ್ದೆಯನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ಬಡಿಯುತ್ತೇನೆ. ಪಾತ್ರೆಗೆ ಮೊದಲು ಒದ್ದೆ ಪಂಚೆಯ ತುಂಡು ಹೊದಿಸಿರಬೇಕು. ಕಿರುಬೆರಳಿನ ದಪ್ಪ ಸಾಕು. ಅಂಚು ಮಾತ್ರ ಸ್ವಲ್ಪ ಹೆಚ್ಚಿರಲಿ. ಬಾಯಿ ಅಗಲ, ಬುಡ ಕಿರಿದು ಇರುವ ಪಾತ್ರೆಯನ್ನೇ ಆರಿಸಬೇಕು, ಕೊಡದಂತೆ ಹೊಟ್ಟೆ ಉಬ್ಬಿದ್ದರೆ ಬುಟ್ಟಿ ಹೊರಬರುವುದಿಲ್ಲ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಪಾತ್ರೆಯಿಂದ ಬಿಡಿಸುವ ಹೊತ್ತು. ಮುದ್ದೆ ಒಣಗುತ್ತಾ ಕುಗ್ಗಿ ಪಾತ್ರೆಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಒಂದೋ ಬಿರಿಯುತ್ತದೆ, ಇಲ್ಲವೇ ಬಿಡುವುದೇ ಇಲ್ಲ. ಹೊರಮೈ ಒಣಗಿ, ಬೆರಳಿನಿಂದ ಒತ್ತಿದರೆ ಒಳಗೆ ಇನ್ನೂ ತಂಪು ತಗುಲುವ ಹೊತ್ತಿಗೆ ಬಟ್ಟೆಯ ಅಂಚು ಹಿಡಿದು ಎಳೆದರೆ ಬುಟ್ಟಿ ಜಾರಿ ಬರುತ್ತದೆ. ಆಮೇಲೆ ಒಳಮೈಗೆ ಬಿಸಿಲು. ಮಾರ್ಚ್, ಏಪ್ರಿಲ್‌ನ ಬಿಸಿಲಿಗೆ ನಾಲ್ಕೈದು ದಿನದಲ್ಲಿ ಬಡಿದರೆ ಟಣ್ ಎನ್ನುವಷ್ಟು ಗಟ್ಟಿಯಾಗುತ್ತದೆ. ತೋಟದ ಮನೆಗಳಲ್ಲಾದರೆ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಹೊಗೆ ಹಿಡಿಸಬಹುದು. ನಮ್ಮ ಬಾಡಿಗೆ ಮನೆಗೆ ಆ ಭಾಗ್ಯವಿಲ್ಲ.

ಬಣ್ಣಕ್ಕೆ ಕೆಮ್ಮಣ್ಣು. ಜರಡಿ ಹಿಡಿದ ಮಣ್ಣನ್ನು ತೆಳು ಸರಿಯಲ್ಲಿ ಕದಡಿ ಎರಡು ಸಲ ಬಳಿಯುತ್ತೇನೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಸಿದ್ದಾಪುರ, ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬುಟ್ಟಿಗಳಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ಹೊಲಕ್ಕೆ ಎಡೆ ಒಯ್ಯುವ ಬುಟ್ಟಿಗಳು ಅವು. ಪುಂಡಿ ನಾರಿನ ಕುಂಚ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಅಳತೆಪಟ್ಟಿ ಇಲ್ಲದೆ ಎಳೆದ ಆ ಗೆರೆಗಳು ನೂಲು ಹಿಡಿದಂತೆ ನೇರ. ತವರಿನ ಪಕ್ಕದ ಮನೆಯ ಅಕ್ಕ ಬರೆಯುವುದನ್ನು ನೋಡುತ್ತಾ ಬೆಳೆದವಳು ನಾನು. ನನ್ನ ಬುಟ್ಟಿಯ ಮೇಲಿನ ನಾಲ್ಕು ಗೆರೆಗಳನ್ನು ಚಿತ್ತಾರ ಎಂದು ಕರೆಯಲು ಬಾಯಿ ಬರುವುದಿಲ್ಲ. ಯಾರಾದರೂ ಹಾಗೆಂದರೆ ತಿದ್ದುತ್ತೇನೆ.

ಬುಟ್ಟಿಯಲ್ಲಿ ತಿನಿಸನ್ನು ನೇರವಾಗಿ ಹಾಕಿ ಕೊಡಬಾರದು. ಮುದ್ರಣದ ಶಾಯಿ ಹೊಟ್ಟೆಗೆ ಹೋಗುವಂಥದ್ದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳೂ ಪತ್ರಿಕೆಯಲ್ಲಿ ತಿನಿಸು ಕಟ್ಟುವುದನ್ನು ನಿಷೇಧಿಸಿವೆ. ಗೇರುಬೀಜವಾದರೆ ಗಾಜಿನ ಬಾಟಲಿಯಲ್ಲಿ, ಒಣಗಿಸಿದ ಮುರುಗಲ (ಕೋಕಂ) ಸಿಪ್ಪೆಯಾದರೆ ಮುಚ್ಚಳದ ಡಬ್ಬದಲ್ಲಿ ಹಾಕಿ ಬುಟ್ಟಿಯೊಳಗೆ ಕೂರಿಸುತ್ತೇನೆ. ತೊಡೆದೇವು ಎಂಬ ಸಿಹಿ ತಿನಿಸು ಕೊಡುವುದು ಮಾತ್ರ ಬೇರೆಯೇ ಕಸುಬು. ಅದು ಕಾಗದಕ್ಕಿಂತ ತೆಳು, ಕಾಗದಕ್ಕಿಂತ ಬೇಗ ತೇವ ಹೀರುತ್ತದೆ. ಅದಕ್ಕೆ ರಟ್ಟಿನ ಚಪ್ಪಟೆ ಪೆಟ್ಟಿಗೆ ಮಾಡಿ, ಬೆಣ್ಣೆ ಕಾಗದವನ್ನು ಎರಡು ಸುತ್ತು ಹಾಸಿ, ಎರಡೆರಡು ತೊಡೆದೇವಿನ ನಡುವೆ ಇನ್ನೊಂದು ಹಾಳೆ ಇಡುತ್ತೇನೆ. ಬೆಂಗಳೂರಿನ ಬಸ್ಸಿನಲ್ಲಿ ಹೋದರೂ ಮುರಿಯದೆ ತಲುಪುತ್ತದೆ, ಡ್ರೈವರ್ ಸ್ವಲ್ಪ ಕರುಣಾಳುವಾಗಿದ್ದರೆ.

ಆಕಾಶಬುಟ್ಟಿಯ ಕಥೆ ಚಿಕ್ಕದು. ತೆಂಗಿನ ಗರಿಯ ಕಡ್ಡಿಗಳನ್ನು ದಾರದಿಂದ ಕಟ್ಟಿ ಚೌಕಟ್ಟು, ಗಾಳಿಪಟದ ಕಾಗದದ ಹೊದಿಕೆ. ಹಸಿ ಕಡ್ಡಿ ಬೇಡ, ಒಣಗುತ್ತಾ ತಿರುಚಿ ಕಾಗದ ಹರಿಯುತ್ತದೆ. ಒಳಗೆ ಸಣ್ಣ ಎಲ್‌ಇಡಿ ಬಲ್ಬು. ಹಳೆಯ ಕಾಲದ ಬಿಸಿಯಾಗುವ ಬಲ್ಬನ್ನಾಗಲೀ ಹಣತೆಯನ್ನಾಗಲೀ ಕಾಗದದೊಳಗೆ ಇಡಬಾರದು. ದೀಪಾವಳಿಯ ಹೊತ್ತಿಗೂ ಸಂಜೆ ಒಂದೆರಡು ಮಳೆ ತಪ್ಪಿದ್ದಲ್ಲ, ಆದ್ದರಿಂದ ಮಾಡಿನ ಸೂರಿನಿಂದ ಒಂದು ಮೊಳ ಒಳಗೆ ತೂಗು ಹಾಕುತ್ತೇನೆ.

ಉಳಿದ ವಸ್ತುಗಳನ್ನು ತಗಡಿನ ಟ್ರಂಕಿನಲ್ಲಿ, ಒಣಗಿದ ಲಕ್ಕಿ ಸೊಪ್ಪಿನ ಜತೆ ಇಡುತ್ತೇನೆ. ಹುರಿದು ಆರಿಸಿದ ಅಕ್ಕಿಯ ಸಣ್ಣ ಬಟ್ಟೆಗಂಟು ಮೂಲೆಗೊಂದು ಇದ್ದರೆ ತೇವ ಹೀರುತ್ತದೆ, ತಿಂಗಳಿಗೊಮ್ಮೆ ಮತ್ತೆ ಹುರಿಯಬೇಕು. ಹಬ್ಬ ಮುಗಿದ ಮೇಲೆ ಮೆತ್ತಗಾದ ರಟ್ಟು, ತೋರಣ ಎಲ್ಲ ನೆನೆಸುವ ಬಕೆಟ್ಟಿಗೆ. ಮೈಲುತುತ್ತದ ಸರಿ ತಗುಲಿದ್ದನ್ನು ಮಾತ್ರ ಬೇರೆ ಇಡುತ್ತೇನೆ. ಅದು ಬುಟ್ಟಿಗೂ ಬೇಡ, ಒಲೆಗೂ ಬೇಡ.

ಬುಟ್ಟಿ ಮಾರುತ್ತೀರಾ ಎಂದು ಕೇಳುವವರಿದ್ದಾರೆ. ನೆನೆಸಿ, ಅರೆದು, ಬಡಿದು, ಒಣಗಿಸಿ, ಬಳಿಯುವ ಕೂಲಿ ಲೆಕ್ಕ ಹಾಕಿದರೆ ಭಾನುವಾರದ ಸಂತೆಯಲ್ಲಿ ಯಾರೂ ತಿರುಗಿ ನೋಡದ ಬೆಲೆಯಾಗುತ್ತದೆ. ಕಡಿಮೆಗೆ ಕೊಟ್ಟರೆ ಬಿದಿರಿನ ಬುಟ್ಟಿ ಹೆಣೆದು ಮಾರುವವರ ಬೆಲೆಯನ್ನೂ ಕೆಡಿಸಿದಂತೆ. ಹಾಗಾಗಿ ಮಾರುವುದಿಲ್ಲ, ಬೇಕಾದವರಿಗೆ ಕೊಡುತ್ತೇನೆ. ಅವರು ಹಳೆಯ ಪತ್ರಿಕೆ, ಕರೆಯೋಲೆ ತಂದುಕೊಡುತ್ತಾರೆ. ಒಂದೇ ಕರಾರು, ಚೌತಿಗೆ ಬುಟ್ಟಿ ಬೇಕಾದವರು ಏಪ್ರಿಲ್ ಒಳಗೆ ಹೇಳಬೇಕು. ಆಗಸ್ಟ್‌ನಲ್ಲಿ ಕೊಡೆ ಹಿಡಿದು ಬಂದು ಕೇಳಿದವರಿಗೆ ಚಹಾ ಕೊಟ್ಟು ಕಳುಹಿಸುತ್ತೇನೆ.