ಕಾಲೇಜಿನಲ್ಲಿ ಮೂರು ವಾರದ ಸಂತೆ: ವಿದ್ಯಾರ್ಥಿಗಳಿಗೆ ವ್ಯಾಪಾರ ಕಲಿಸುವ ಬಗೆ

ಉದ್ಯಮಶೀಲತೆ ಎಂದರೆ ಕಾಲೇಜುಗಳಿಗೆ ಮೊದಲು ನೆನಪಾಗುವುದು ಬಿಸಿನೆಸ್ ಪ್ಲಾನ್ ಸ್ಪರ್ಧೆ. ಅಲ್ಲಿ ಗೆಲ್ಲುವುದು ಚೆಂದದ ಪಿಪಿಟಿ, ಅಷ್ಟೇ. ಬದಲಿಗೆ ನಾಲ್ವರ ತಂಡಕ್ಕೆ 2,000 ರೂ. ಕೊಟ್ಟು ಮೂರು ವಾರ ವ್ಯಾಪಾರ ಮಾಡಿಸಿ. ಕೊಡುವ ಹಣ ಸಾಲವಾಗಿರಲಿ. ಬಿಟ್ಟಿ ದುಡ್ಡಾದರೆ ಯಾರೂ ಚೌಕಾಸಿ ಮಾಡುವುದಿಲ್ಲ. ಒಂದು ದಿನದ ಫುಡ್ ಫೆಸ್ಟ್ ಸಾಲದು. ಮೊದಲ ದಿನ ಕೊಳ್ಳುವವರೆಲ್ಲ ಗೆಳೆಯರೇ. ಎರಡನೇ ವಾರ ಪರಿಚಯವಿಲ್ಲದವರು ಬಂದರೆ ಮಾತ್ರ ಅದು ವ್ಯಾಪಾರ.

ಇಂಟರ್ನಲ್ಸ್ ಪರೀಕ್ಷೆ ಹತ್ತಿರವಿರುವ ವಾರಗಳನ್ನು ಬಿಡಿ. ಪ್ರಾಂಶುಪಾಲರ ಅನುಮತಿ ಪತ್ರಕ್ಕೂ ಮುಂಚೆ ಕ್ಯಾಂಟೀನ್ ಗುತ್ತಿಗೆದಾರರ ಕರಾರು ಓದಿ: ಆವರಣದಲ್ಲಿ ಬೇರೆಯವರು ತಿಂಡಿ ಮಾರಬಾರದು ಎಂಬ ಷರತ್ತಿದ್ದರೆ ಮೊದಲ ದಿನವೇ ಜಗಳ. ಗ್ಯಾಸ್ ಒಲೆ ಬೇಡ.

ತಂಡಕ್ಕೊಂದು ನೋಟ್‌ಬುಕ್ ಕೊಡಿ. ಮಾಡಿದ್ದು, ಮಾರಿದ್ದು, ಬಿಟ್ಟಿ ಕೊಟ್ಟಿದ್ದು, ಹಾಳಾಗಿದ್ದು, ನಗದು, ಯುಪಿಐ ಎಂದು ಆರು ಕಾಲಂ ಎಳೆಸಿ, ದಿನಾ ಸಂಜೆ ನೀವೇ ನೋಡಿ. ಹೆಚ್ಚಿನ ತಂಡಗಳು ಎಡವುವುದು ಇಲ್ಲೇ.

ಮಜ್ಜಿಗೆ ಮಾರುವ ತಂಡವನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು ಬೆರೆಸಿ ಕಡೆದರೆ 200 ಎಂಎಲ್‌ನ 20 ಲೋಟ. ಮೊಸರು 55, ಶುಂಠಿ, ಹಸಿಮೆಣಸು, ಕೊತ್ತಂಬರಿ, ಉಪ್ಪು ಸೇರಿ 15, ಪೇಪರ್ ಲೋಟ 20, ಐಸ್ 10 ಎಂದಿಟ್ಟುಕೊಂಡರೆ ಖರ್ಚು 100. ಲೋಟಕ್ಕೆ 10 ರೂ. ಇಟ್ಟರೆ ದುಪ್ಪಟ್ಟು ಎಂದು ಹುಡುಗರು ಹಿಗ್ಗುತ್ತಾರೆ. ಸಂಜೆ ನೋಡಿದರೆ ಮಾರಿದ್ದು 14, ದೋಸ್ತಿಗೆ ಹೋಗಿದ್ದು 2, ಹುಳಿಯಾಗಿ ಚೆಲ್ಲಿದ್ದು 4. ಉಳಿದದ್ದು 40 ರೂ. ಇಬ್ಬರು ಮೂರು ಗಂಟೆ ನಿಂತಿದ್ದರೆ ಗಂಟೆಗೆ ತಲಾ ಏಳು ರೂಪಾಯಿಯೂ ಬೀಳಲಿಲ್ಲ! ಈ ಲೆಕ್ಕವನ್ನು ಬೋರ್ಡ್ ಮೇಲೆ ಅವರ ಕೈಯಲ್ಲೇ ಬರೆಸಿ. ಬೆಲೆ ಏರಿಸಬೇಕೋ, ಅರ್ಧ ಲೀಟರ್ ಮೊಸರಿನಿಂದ ಶುರು ಮಾಡಬೇಕೋ ಎಂಬ ವಾದ ತಾನಾಗಿ ಏಳುತ್ತದೆ. ನೀವು ಉತ್ತರ ಹೇಳಬೇಡಿ.

ಯುಪಿಐ ದುಡ್ಡು ಒಬ್ಬನ ಸ್ವಂತ ಖಾತೆಗೆ ಹೋಗಿ ಪಾಕೆಟ್ ಮನಿ ಜೊತೆ ಬೆರೆತರೆ ಲೆಕ್ಕ ಕೈತಪ್ಪುತ್ತದೆ. ಬೇರೆ ಖರ್ಚಿಗೆ ಬಳಸದ ಒಂದು ಖಾತೆಯ ಕ್ಯೂಆರ್ ಮಾತ್ರ ಇಡಿಸಿ.

ಸಂತೆ ಮುಗಿದ ಮೇಲೂ ಮುಂದುವರಿಸುವ ತಂಡಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ನೋಂದಣಿ) ಮಾಡಿಸಿ. ಅದು ಪೂರ್ತಿ ಉಚಿತ, ಸೈಬರ್ ಸೆಂಟರ್‌ನವರಿಗೆ ಸಾವಿರಗಟ್ಟಲೆ ಕೊಡಬೇಕಿಲ್ಲ. ತಿಂಡಿ-ಪಾನೀಯ ಮಾರುವವರು ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯನ್ನೂ ಮಾಡಿಸಲೇಬೇಕು. ವಾಪಸ್ ಬಂದ ಸಾಲದ ಹಣವನ್ನು ಮುಂದಿನ ಸೆಮಿಸ್ಟರ್‌ನ ತಂಡಗಳಿಗೆ ಎತ್ತಿಡಿ.