ಸಾಯ್ ಕುಂಗ್‌ನ ಕಡಲ ದಾರಿ: ನಾನು ನಡೆಯುವ ರೀತಿ

ಹಾಂಗ್‌ಕಾಂಗ್‌ನ ಸಾಯ್ ಕುಂಗ್ ಜಿಲ್ಲೆಯಲ್ಲಿ ನಡೆಯಬೇಕು ಅಂತಿದ್ದರೆ ನವೆಂಬರ್‌ನಲ್ಲಿ ಬನ್ನಿ. ಡಿಸೆಂಬರ್ ಕೂಡ ಒಳ್ಳೆಯದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬೇಡವೇ ಬೇಡ. ನಾನು ಮಲ್ಪೆ ಕಡೆಯವಳು, ಸೆಕೆ ನನಗೆ ಹೊಸದಲ್ಲ. ಆದರೆ ಇಲ್ಲಿನ ಗುಡ್ಡದ ನೆತ್ತಿಯಲ್ಲಿ ನೆರಳೇ ಇಲ್ಲ. ಹುಲ್ಲು, ಕುರುಚಲು ಗಿಡ, ಮೇಲೆ ಸುಡು ಬಿಸಿಲು. ಜೊತೆಗೆ ಅದು ಚಂಡಮಾರುತದ ಕಾಲ. ನವೆಂಬರ್ ಹೊತ್ತಿಗೆ ಉತ್ತರದಿಂದ ಒಣ ಗಾಳಿ ಬೀಸುತ್ತದೆ, ಆಕಾಶ ತಿಳಿಯಾಗುತ್ತದೆ, ಹತ್ತುವಾಗಲೂ ಅಷ್ಟು ದಣಿವಾಗುವುದಿಲ್ಲ.

ಊರಿನಿಂದ ಯಾರೇ ಬರಲಿ, ನಾನು ಕರೆದುಕೊಂಡು ಹೋಗುವುದು ಒಂದೇ ದಾರಿಗೆ. ಹೈ ಐಲ್ಯಾಂಡ್ ಜಲಾಶಯದ ಪೂರ್ವ ಅಣೆಕಟ್ಟಿನಲ್ಲಿ ಶುರು. ಅಲ್ಲಿಂದ ಲಾಂಗ್ ಕೆ, ಸಾಯ್ ವಾನ್, ಹಾಮ್ ತಿನ್ ಕಡಲತೀರಗಳನ್ನು ದಾಟಿ ಪಾಕ್ ತಾಮ್ ಆವ್‌ನಲ್ಲಿ ಬಸ್ ಹಿಡಿಯುವುದು. 100 ಕಿ.ಮೀ. ಉದ್ದದ ಮೆಕ್ಲೆಹೋಸ್ ಟ್ರೇಲ್‌ನ ಎರಡನೇ ಭಾಗ ಇದು. ಲಾಂಗ್ ಕೆಯಿಂದ 13.5 ಕಿ.ಮೀ. ಐದು ಗಂಟೆ ಅಂತ ಸರ್ಕಾರದ ಲೆಕ್ಕ. ನೀರಿಗಿಳಿಯುವುದು, ಊಟ, ಫೋಟೋ ಎಲ್ಲ ಸೇರಿದರೆ ಏಳು ಗಂಟೆ ಇಟ್ಟುಕೊಳ್ಳಿ. ಮೊದಲನೇ ಭಾಗ ಜಲಾಶಯದ ಪಕ್ಕದ ರಸ್ತೆ. ಅದನ್ನು ನಾನು ನಡೆಯುವುದಿಲ್ಲ. ಸಾಯ್ ಕುಂಗ್ ಪೇಟೆಯಿಂದ ಟ್ಯಾಕ್ಸಿ ಮಾಡಿದರೆ ನೇರ ಅಣೆಕಟ್ಟಿಗೇ ಬಿಡುತ್ತಾರೆ. ಸ್ವಂತ ಕಾರಿದ್ದರೆ ಪಾಕ್ ತಾಮ್ ಚುಂಗ್ ಗೇಟಿನಿಂದ ಮುಂದೆ ಬಿಡುವುದಿಲ್ಲ.

ಅಣೆಕಟ್ಟಿನ ಬುಡದಲ್ಲಿ ಅವಸರ ಮಾಡಬೇಡಿ. ಸಮುದ್ರದ ಪಕ್ಕದ ಬಂಡೆಗೋಡೆ ಪೂರ್ತಿ ಕಂಬ ಕಂಬವಾಗಿ ನಿಂತಿದೆ. ಹೆಚ್ಚಿನವು ಆರು ಮುಖದವು. ಒಂದೊಂದೂ ಸರಾಸರಿ ಒಂದು ಮೀಟರ್‌ಗಿಂತ ದಪ್ಪ. ಅಕ್ಕನ ಮಗ ಬಂದಾಗ ನೋಡಿದವನೇ ಕೇಳಿದ, "ಚಿಕ್ಕಮ್ಮ, ಇದು ನಮ್ಮ ತೋನ್ಸೆಪಾರ್ ಕಲ್ಲೇ ಅಲ್ವಾ?"

"ಅದೇ ಜಾತಿ ಮಾರಾಯ. ಆದ್ರೆ ಎತ್ತರ ನೋಡು" ಅಂದೆ.

ತೋನ್ಸೆಪಾರ್ ಅಂದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಕಂಬದ ಕಲ್ಲು ಅಂದರೆ ಬಹಳ ಕಡೆ ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕಪ್ಪು ಕಲ್ಲು. ಮಲ್ಪೆಯದ್ದೂ ಸಾಯ್ ಕುಂಗ್‌ನದ್ದೂ ಹಾಗಲ್ಲ, ಎರಡರಲ್ಲೂ ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ, ಜಾಸ್ತಿ. ನಮ್ಮಲ್ಲಿನದು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯದು. ಇಲ್ಲಿಯದು 14 ಕೋಟಿ ವರ್ಷದ ಹಿಂದೆ ದೊಡ್ಡ ಜ್ವಾಲಾಮುಖಿಯೊಂದು ಉಗುಳಿದ ಬೂದಿ. ಬಿಸಿಗೆ ಬೆಸೆದುಕೊಂಡು ಗಟ್ಟಿಯಾಯಿತು, ನಿಧಾನವಾಗಿ ತಣಿಯುತ್ತಾ ಕುಗ್ಗಿತು. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುತ್ತದಲ್ಲ, ಹಾಗೆ ಮೇಲಿನಿಂದ ಬಿರುಕು ಬಿಡುತ್ತಾ ಆಳಕ್ಕೆ ಇಳಿಯಿತು. ಹತ್ತಿರ ಹೋಗಿ ಕೈಯಿಟ್ಟು ನೋಡಿ. ನಸುಹಳದಿ ಕಲ್ಲು, ಮೈ ತರಿತರಿ. ಒಳಗೆ ಸಣ್ಣ ಸಣ್ಣ ಬಿಳಿ ಹರಳು ಕಾಣುತ್ತದೆ. ಒಂದು ಜಾಗದಲ್ಲಿ ಕಂಬಗಳೆಲ್ಲ ಒಟ್ಟಿಗೆ ಬಳುಕಿವೆ. ಕಲ್ಲು ಪೂರ್ತಿ ಗಟ್ಟಿಯಾಗುವ ಮೊದಲೇ ನೆಲ ಸರಿದದ್ದರ ಗುರುತು ಅದು. ಅದರ ಪಕ್ಕದಲ್ಲೇ ಆಮೇಲೆ ನುಗ್ಗಿ ಬಂದ ಕಪ್ಪು ಕಲ್ಲಿನ ಪಟ್ಟಿ ಇದೆ. ಇಷ್ಟೆಲ್ಲ ಕೈಗೆ ಸಿಗುವಷ್ಟು ಹತ್ತಿರ, ದೋಣಿ ಹತ್ತುವ ಕೆಲಸವೇ ಇಲ್ಲ. ಈಗ ಇದು ಯುನೆಸ್ಕೋ ಜಿಯೋಪಾರ್ಕ್, ಅಂದರೆ ವಿಶೇಷ ಕಲ್ಲು-ನೆಲಕ್ಕಾಗಿ ಕಾಪಾಡುವ ಜಾಗ.

ಈ ಕಡಲತೀರ ಇಷ್ಟು ಕಾಡಾಗಿ ಉಳಿದದ್ದರ ಹಿಂದೆ ನೀರಿನ ಕಥೆಯಿದೆ. 1963ರ ಬರದಲ್ಲಿ ಹಾಂಗ್‌ಕಾಂಗ್ ಜನಕ್ಕೆ ನಾಲ್ಕು ದಿನಕ್ಕೊಮ್ಮೆ, ಅದೂ ನಾಲ್ಕೇ ಗಂಟೆ ನಲ್ಲಿ ನೀರು ಬರುತ್ತಿತ್ತು. ಆಮೇಲೆ ಕಟ್ಟಿದ ದೊಡ್ಡ ಜಲಾಶಯಗಳಲ್ಲಿ ಈ ಹೈ ಐಲ್ಯಾಂಡ್ ಜಲಾಶಯವೂ ಒಂದು. ದ್ವೀಪಕ್ಕೂ ನೆಲಕ್ಕೂ ನಡುವಿನ ಸಮುದ್ರದ ಕಾಲುವೆಗೆ ಎರಡೂ ತುದಿಯಲ್ಲಿ ಅಣೆಕಟ್ಟು ಹಾಕಿ, ಉಪ್ಪುನೀರು ಹೊರಹಾಕಿ, ಸಿಹಿನೀರು ತುಂಬಿಸಿದರು. 1978ರಲ್ಲಿ ಮುಗಿಯಿತು. 1976ರಲ್ಲಿ ಕಾಡು-ಗುಡ್ಡಗಳನ್ನು ಕಾಪಾಡುವ ಕಂಟ್ರಿ ಪಾರ್ಕ್ ಕಾನೂನು ಬಂದಿತ್ತು. ಜಲಾಶಯದ ಸುತ್ತಲಿನ ಗುಡ್ಡಗಳೂ ಅದರೊಳಗೆ ಸೇರಿದವು. ಆದರೆ ಹಳ್ಳಿಗಳ ಖಾಸಗಿ ಜಾಗ ಹೊರಗೇ ಉಳಿಯಿತು. 2010ರಲ್ಲಿ ಸಾಯ್ ವಾನ್‌ನಲ್ಲಿ ಖಾಸಗಿಯವರು ಜೆಸಿಬಿ ಇಳಿಸಿ ನೆಲ ಅಗೆದಾಗ ಇಡೀ ಹಾಂಗ್‌ಕಾಂಗೇ ಎದ್ದು ನಿಂತಿತು. 2013ರಲ್ಲಿ ಆ ಜಾಗವನ್ನೂ ಪಾರ್ಕಿಗೆ ಸೇರಿಸಿದರು. ಅವತ್ತು ಕೂಗಿದವರ ಋಣ ನನ್ನಂಥ ನಡೆಯುವವರ ಮೇಲಿದೆ ಅಂತ ಮನಸಾರೆ ನಂಬಿದ್ದೇನೆ.

ಅಣೆಕಟ್ಟಿನಿಂದ ಲಾಂಗ್ ಕೆಗೆ ಸ್ವಲ್ಪವೇ ದೂರ. ಬಿಳಿ ಮರಳು, ತಿಳಿ ನೀರು. ಅಲ್ಲೇ ಕೂತುಬಿಡುವ ಆಸೆಯಾಗುತ್ತದೆ, ಆದರೆ ದಿನದ ಕಷ್ಟದ ಏರು ಅದರ ಬೆನ್ನಿಗೇ ಇದೆ. ಸಾಯ್ ವಾನ್ ಶಾನ್ ಗುಡ್ಡ, 314 ಮೀಟರ್. ಸಮುದ್ರ ಮಟ್ಟದಿಂದಲೇ ಹತ್ತಬೇಕು. ಮಧ್ಯೆ ಅಂಗಡಿ ಇಲ್ಲ. ಒಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು. ನಿಧಾನ ಹತ್ತಿ, ಆಗಾಗ ಹಿಂದಿರುಗಿ ನೋಡಿ. ಒಂದು ಕಡೆ ಜಲಾಶಯ, ಇನ್ನೊಂದು ಕಡೆ ಸಮುದ್ರ.

ಗುಡ್ಡ ಇಳಿದರೆ ಸಾಯ್ ವಾನ್. ಅಂಗಡಿಯಲ್ಲಿ ನೂಡಲ್ಸ್, ಫ್ರೈಡ್ ರೈಸ್ ಸಿಗುತ್ತದೆ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳುವುದೇ ವಾಸಿ. ನಾನು ಒಯ್ಯುವುದು ಪುಳಿಯೋಗರೆ, ಹಾಳಾಗುವ ಚಿಂತೆಯಿಲ್ಲ. ಕಟ್ಟು ಬಿಚ್ಚುವಾಗ ಸುತ್ತ ನೋಡಿಕೊಳ್ಳಿ, ಇಲ್ಲಿನ ದನಗಳು ಸೀದಾ ಬುತ್ತಿಗೇ ಬಾಯಿ ಹಾಕುತ್ತವೆ. ಹಿಂದೆ ಬೇಸಾಯ ಬಿಟ್ಟು ಪೇಟೆ ಸೇರಿದವರು ಬಿಟ್ಟುಹೋದ ದನಗಳ ಸಂತತಿ ಇವು, ಈಗ ಯಾರ ಕೊಟ್ಟಿಗೆಯವೂ ಅಲ್ಲ. ಹೊಟ್ಟೆ ತಣ್ಣಗಾದ ಮೇಲೆ ಹಿಂದಿನ ಶೆಂಗ್ ಲುಕ್ ಹೊಳೆಯ ಗುಂಡಿಗಳನ್ನು ನೋಡಿ ಬನ್ನಿ. ಮಳೆ ಬಂದ ದಿನ ಮಾತ್ರ ಆ ಕಡೆ ಹೋಗಬೇಡಿ, ನೀರು ಒಮ್ಮೆಲೇ ಏರುತ್ತದೆ.

ಸಮುದ್ರಕ್ಕಿಳಿಯುವವರಿಗೆ ಒಂದು ಮಾತು. ಈ ತೀರಗಳಲ್ಲಿ ಜೀವರಕ್ಷಕರಿಲ್ಲ. ಅಲೆ ದೊಡ್ಡದು, ಸೆಳೆತವೂ ಜೋರು. ಮೊಣಕಾಲು ಮುಳುಗುವಷ್ಟು ನೀರಿಗಿಂತ ಮುಂದೆ ನಾನು ನೆಂಟರನ್ನು ಬಿಡುವುದಿಲ್ಲ, ಎಷ್ಟು ಈಜು ಬಂದರೂ ಸರಿ.

ಹಾಮ್ ತಿನ್‌ನಲ್ಲಿ ಹೊಳೆ ದಾಟಲು ಅಗಲ ಕಿರಿದಾದ ಹಲಗೆ ಸೇತುವೆ ಇದೆ. ಅಲ್ಲಿಂದ ಚೂಪಾಗಿ ಕಾಣುವುದು ಶಾರ್ಪ್ ಪೀಕ್, 468 ಮೀಟರ್. ಜಾರುವ ಪುಡಿಗಲ್ಲಿನ ದಾರಿ. ಅಭ್ಯಾಸ ಇಲ್ಲದವರಿಗೆ ಬೇಡ, ಕೆಳಗಿನಿಂದಲೇ ಚಂದ.

ದಾರಿಯುದ್ದಕ್ಕೂ 500 ಮೀಟರ್‌ಗೊಂದು ದೂರದ ಕಂಬ ನೆಟ್ಟಿದ್ದಾರೆ, ಅದರ ಮೇಲೆ ಎಮ್ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಪ್ರತಿ ಕಂಬ ದಾಟುವಾಗ ಸಂಖ್ಯೆ ನೋಡಿಟ್ಟುಕೊಳ್ಳಿ. ಕಾಲು ಉಳುಕಿ ಸಹಾಯಕ್ಕೆ ಫೋನ್ ಮಾಡಬೇಕಾದರೆ ಆ ಸಂಖ್ಯೆ ಹೇಳಿದರೆ ಸಾಕು, ಎಲ್ಲಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ. ಕೆಲವು ಕಡೆ ಸಿಗ್ನಲ್ ಸಿಗುವುದಿಲ್ಲ, ಅದಕ್ಕೇ ನಕ್ಷೆ ಮೊದಲೇ ಇಳಿಸಿಕೊಂಡಿರಿ.

ಡಿಸೆಂಬರ್‌ನಲ್ಲಿ ಸಂಜೆ ಐದೂವರೆ ದಾಟಿದರೆ ಸೂರ್ಯ ಮುಳುಗಿದ ಹಾಗೇ. ಹಾಗಾಗಿ ಮಧ್ಯಾಹ್ನ ಎರಡಕ್ಕೆ ಹಾಮ್ ತಿನ್ ಬಿಡುತ್ತೇನೆ. ಅಷ್ಟರಲ್ಲೇ ಯಾರಿಗಾದರೂ ಸಾಕಾಗಿದ್ದರೆ ಒತ್ತಾಯ ಬೇಡ. ಸಮುದ್ರ ಶಾಂತವಾಗಿದ್ದರೆ ಅಲ್ಲಿಂದಲೇ ಸಾಯ್ ಕುಂಗ್ ಪೇಟೆಗೆ ಸ್ಪೀಡ್‌ಬೋಟ್ ಸಿಗುತ್ತದೆ. ನಡೆಯುವವರು ದಿಣ್ಣೆ ಹತ್ತಿ ಇಳಿದರೆ ಚೆಕ್ ಕೆಂಗ್, ದಕ್ಷಿಣ ಚೀನಾದ ಹಕ್ಕಾ ಸಮುದಾಯದವರ ಹಳ್ಳಿ, ಬಹುಪಾಲು ಮನೆಗಳು ಪಾಳುಬಿದ್ದಿವೆ. ಅಲ್ಲಿಂದ ಪಾಕ್ ತಾಮ್ ಆವ್‌ಗೆ ಕೊನೆಯ ಏರು. ಮೇಲೆ ರಸ್ತೆ ಪಕ್ಕದಲ್ಲೇ ಬಸ್ ಸ್ಟಾಪ್. 94 ನಂಬರ್ ಬಸ್ ಸಾಯ್ ಕುಂಗ್ ಪೇಟೆಗೆ, ರಜಾದಿನಗಳಲ್ಲಿ 96ಆರ್ ಬಸ್ ನೇರ ಡೈಮಂಡ್ ಹಿಲ್ ಮೆಟ್ರೋಗೆ. ಭಾನುವಾರ ಸಾಲು ಉದ್ದ ಇರುತ್ತದೆ, ಆದಷ್ಟು ಶನಿವಾರ ಹೋಗಿ.